ಕ್ಯಾಮರಾ ಇಲ್ಲದ ಸಿಗ್ನಲು

ಈ ಸಲದ ಪುಸ್ತಕಕ್ಕೆ ನೀವೂ ಒಂದು ಬರೆದು ಕೊಡಬೇಕು ಎಂದು ನಮ್ಮ ವಾಚನಾಲಯದವರು ಮನೆಗೇ ಬಂದು ಹೇಳಿದರು. ನಾನು ಏಳನೆಯ ತರಗತಿಯವರೆಗೆ ಶಾಲೆಗೆ ಹೋದವನು. ಪದ ಹೇಳು ಎಂದರೆ ಬೆಳಗಿನವರೆಗೂ ಹೇಳಿಯೇನು, ಬರೆ ಎಂದರೆ ಕೈ ಮುಂದೆ ಹೋಗುವುದಿಲ್ಲ. "ಪದ ಬೇಡ, ನಿಮ್ಮ ಮನಸ್ಸಿನಲ್ಲಿ ಕೊರೆಯುವ ಒಂದು ವಿಷಯ ಬರೆಯಿರಿ, ಸಾಕು" ಎಂದರು. ಹಾಗೆ ಕೊರೆಯುವ ವಿಷಯ ಒಂದು ಉಂಟು. ಅದು ನನ್ನ ಮಗ ಪರದೇಶದಲ್ಲಿ ಇಟ್ಟುಕೊಂಡಿದ್ದ ಒಂದು ಕಾರಿನ ವಿಷಯ. ಯಾರೂ ಕೇಳಲಿಕ್ಕೆ ಬಾರದ ಸಾಲ ಸಾಲವೋ ಅಲ್ಲವೋ ಎಂಬುದು ಪ್ರಶ್ನೆ. ಐದು ವರ್ಷದ ಹಿಂದೆ ನಾನು ಅದಕ್ಕೆ ಒಂದು ಉತ್ತರ ಕೊಟ್ಟೆ. ಅದು ಸರಿಯಾದ ಉತ್ತರವೇ ಎಂದು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ.

ನಮ್ಮ ಕಾಸರಗೋಡು ಕಡೆ ಗಲ್ಫಿಗೆ ಜನ ಹೋಗದ ಮನೆ ಹುಡುಕಬೇಕಷ್ಟೆ. ನನ್ನ ಕಿರಿಯ ಮಗನೂ ಐಟಿಐ ಮುಗಿಸಿ ಏಸಿ ರಿಪೇರಿ ಕೆಲಸಕ್ಕೆ ದುಬೈಗೆ ಹೋದ. ಕೆಲಸ ದುಬೈಯಲ್ಲಿ, ವಾಸ ಶಾರ್ಜಾದಲ್ಲಿ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ದುಬೈಯ ಮೆಟ್ರೊ ರೈಲು ಶಾರ್ಜಾದವರೆಗೆ ಬರುವುದಿಲ್ಲ. ಬೇಸಿಗೆಯ ಬಿಸಿಲಲ್ಲಿ ಹತ್ತು ನಿಮಿಷ ಬಸ್ಸು ಕಾದರೆ ತಲೆ ತಿರುಗುತ್ತದೆ. ಹಾಗಾಗಿ ಅಲ್ಲಿ ಕಾರು ಶೋಕಿಗೆ ಅಲ್ಲ, ನಮಗೆ ತೋಟಕ್ಕೆ ಏಣಿ ಬೇಕಾದ ಹಾಗೆ.

ಕಾರಿಗಿಂತ ಮೊದಲು ಲೈಸೆನ್ಸು. ಮಗ ಹದಿನೆಂಟು ತುಂಬಿದ ವರ್ಷವೇ ಇಲ್ಲಿ ಲೈಸೆನ್ಸು ಮಾಡಿಸಿದವನು. ನಮ್ಮ ಹಳೆಯ ಜೀಪಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು, ಮಳೆಗಾಲದ ಕೆಸರು ಗುಡ್ಡ ಹತ್ತಿಸಿದವನು. ಅಲ್ಲಿ ಆ ಲೈಸೆನ್ಸಿಗೆ ಬೆಲೆ ಇಲ್ಲ. ಆಗ ನಮ್ಮ ದೇಶದವರು ಶಾಲೆಗೆ ಹೋಗುವ ಮಕ್ಕಳ ಹಾಗೆ ಮೊದಲಿನಿಂದ ಕ್ಲಾಸು ಕಲಿತು, ಪಾರ್ಕಿಂಗ್ ಟೆಸ್ಟು, ರೋಡ್ ಟೆಸ್ಟು ಎಲ್ಲ ಪಾಸಾಗಬೇಕಿತ್ತು. ಅವನು ರೋಡ್ ಟೆಸ್ಟಿನಲ್ಲಿ ಎರಡು ಸಲ ಬಿದ್ದ. "ಜೀಪು ಓಡಿಸಿದ ಅಭ್ಯಾಸವೇ ನನಗೆ ಶತ್ರು ಆಯಿತು ಅಪ್ಪ. ಇಲ್ಲಿ ಕನ್ನಡಿ ನೋಡಿದರೆ ಸಾಲದು, ನೋಡಿದ್ದು ಪಕ್ಕದಲ್ಲಿ ಕೂತವನಿಗೆ ಕಾಣಬೇಕು" ಎಂದು ಫೋನಿನಲ್ಲಿ ನಕ್ಕ. ಮೂರನೆಯ ಸಲ ಪಾಸು. 2018ರಲ್ಲಿ ಅರುವತ್ತು ಸಾವಿರ ದಿರ್ಹಮಿನ ಕಾರು ತೆಗೆದ. ಅಲ್ಲಿಯ ನಿಯಮದ ಪ್ರಕಾರ ಕಾರಿನ ಬೆಲೆಯ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಾಲ ಕೊಡುವುದಿಲ್ಲ, ಐದು ವರ್ಷದೊಳಗೆ ತೀರಿಸಬೇಕು. ಹನ್ನೆರಡು ಸಾವಿರ ಕೈಯಿಂದ ಹಾಕಿದ, ಉಳಿದದ್ದು ಬ್ಯಾಂಕು.

2019ರ ದಶಂಬರದಲ್ಲಿ ನಮ್ಮಿಬ್ಬರನ್ನೂ ಒಂದು ತಿಂಗಳಿಗೆ ಕರೆಸಿಕೊಂಡ. ಕಾರಿನಲ್ಲಿ ಕೂತ ಮೊದಲ ದಿನ ನನಗೆ ಜೀವ ಬಾಯಿಗೆ ಬಂದಿತ್ತು. ಅಲ್ಲಿ ಬಲಬದಿಯಲ್ಲಿ ಹೋಗುವುದು. ನಮ್ಮ ಕಡೆ ಸ್ಟೇರಿಂಗ್ ಇರುವ ಜಾಗದಲ್ಲಿ ನಾನು ಕೂತಿದ್ದೇನೆ, ಕೈಯಲ್ಲಿ ಏನೂ ಇಲ್ಲ, ಎದುರಿನಿಂದ ಲಾರಿ ಬರುವುದು ಕಂಡರೆ ಇಲ್ಲದ ಬ್ರೇಕನ್ನು ಮೆಟ್ಟುತ್ತೇನೆ. ಮಗ ನಗುತ್ತಾನೆ. ಹಿಂದಿನ ಸೀಟಿನಲ್ಲಿ ಅವನ ಅಮ್ಮನಿಗೂ ಬೆಲ್ಟು ಕಟ್ಟಿಸಿದ. 2017ರಿಂದ ಅಲ್ಲಿ ಹಿಂದೆ ಕೂತವರಿಗೂ ಬೆಲ್ಟು ಕಡ್ಡಾಯವಂತೆ. ದುಬೈ ಒಳಗೆ ಕೆಲವು ಕಡೆ ಒಂದು ಕಮಾನಿನ ಅಡಿಯಲ್ಲಿ ಹೋದರೆ ಸಾಕು, ಯಾರೂ ಕೈ ಒಡ್ಡದೆ ಆಗ ನಾಲ್ಕು ದಿರ್ಹಮು ತಾನಾಗಿ ಕಡಿತ ಆಗುತ್ತಿತ್ತು. ಅದಕ್ಕೆ ಸಾಲಿಕ್ ಎನ್ನುತ್ತಾರೆ.

ಒಂದು ರಾತ್ರಿ ಅವನ ಸ್ನೇಹಿತರ ಮನೆಯಲ್ಲಿ ಭಜನೆ ಇತ್ತು. ನಾನೂ ನಾಲ್ಕು ಪದ ಹೇಳಿದೆ. ಹೊರಡುವಾಗ ರಾತ್ರಿ ಎರಡು ಗಂಟೆ. ಒಂದು ಸಿಗ್ನಲಿನಲ್ಲಿ ಕೆಂಪು ದೀಪ. ನಾಲ್ಕೂ ರಸ್ತೆ ಖಾಲಿ. ಒಂದು ನಾಯಿಯೂ ಇಲ್ಲ. ಮಗ ಗಾಡಿ ನಿಲ್ಲಿಸಿದ.

"ಯಾರೂ ಇಲ್ಲವಲ್ಲ ಮಗಾ, ಎಂತಕ್ಕೆ ನಿಂತದ್ದು?"

"ಕ್ಯಾಮರಾ ಉಂಟು ಅಪ್ಪ. ಹಾರಿಸಿದರೆ ಸಾವಿರ ದಿರ್ಹಮು ದಂಡ, ಹನ್ನೆರಡು ಕಪ್ಪು ಪಾಯಿಂಟು, ಒಂದು ತಿಂಗಳು ಗಾಡಿ ಅವರಲ್ಲಿ. ಇಪ್ಪತ್ತನಾಲ್ಕು ಪಾಯಿಂಟು ಆದರೆ ಲೈಸೆನ್ಸು ಹೋಯಿತು."

"ಕ್ಯಾಮರಾ ಇಲ್ಲದಿದ್ದರೆ?"

ಅವನು ನಕ್ಕ, ಉತ್ತರ ಹೇಳಲಿಲ್ಲ. ಹಸಿರು ಬಂತು, ಹೊರಟೆವು.

ಆ ಪ್ರಶ್ನೆ ಕೇಳಿದವನು ನಾನು. ಆದರೆ ನನ್ನ ತಲೆಯಲ್ಲಿ ಇದ್ದದ್ದು ರಸ್ತೆ ಅಲ್ಲ, ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಮದ್ದು ಬಿಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಮದ್ದು ಬಿಡುವವನು ಮರದ ತುದಿಯಲ್ಲಿರುತ್ತಾನೆ, ನಾನು ಕೆಳಗೆ ಪಂಪಿನ ಹತ್ತಿರ. ಗೊನೆಯ ಎಲ್ಲ ಬದಿಗೂ ಮದ್ದು ತಾಗಿತೋ ಇಲ್ಲವೋ ನನಗೆ ಕಾಣುವುದಿಲ್ಲ. ಅವನಿಗೆ ಮಾತ್ರ ಗೊತ್ತು. ಆದರೂ ಇಪ್ಪತ್ತು ವರ್ಷದಿಂದ ಒಬ್ಬನೇ ನಮ್ಮಲ್ಲಿ ಮದ್ದು ಬಿಡುವುದು. ಅಡಿಕೆ ಮರದ ತುದಿಗೆ ಕ್ಯಾಮರಾ ಇಲ್ಲ. ಆದರೆ ಒಂದು ಮಾತು ಉಂಟು. ಅವನು ಮೋಸ ಮಾಡಿದರೆ ಒಂದು ತಿಂಗಳಲ್ಲಿ ಕೊಳೆತ ಅಡಿಕೆ ಬುಡದಲ್ಲಿ ಬಿದ್ದು ಹೇಳುತ್ತದೆ. ಎಂದರೆ ಅಲ್ಲಿಯೂ ಒಂದು ರೀತಿಯ ಕ್ಯಾಮರಾ ಉಂಟು, ತಡವಾಗಿ ಚಿತ್ರ ತೋರಿಸುವ ಕ್ಯಾಮರಾ. ಯಾವ ಚಿತ್ರವೂ ಎಂದೂ ಬಾರದ ಜಾಗದಲ್ಲಿ ಮನುಷ್ಯ ಏನು ಮಾಡುತ್ತಾನೆ? ಆವತ್ತು ಅಷ್ಟಕ್ಕೇ ಬಿಟ್ಟೆ.

ಇನ್ನೊಂದು ದಿನ ಅವನ ಕಾರಿನ ಕಾರ್ಡು ನೋಡಿದೆ. ಅದಕ್ಕೆ ಮುಲ್ಕಿಯ ಎಂದು ಹೆಸರು. ಮಂಗಳೂರಿನ ಆಚೆ ನಮಗೆ ಮೂಲ್ಕಿ ಎಂಬ ಊರೇ ಉಂಟಲ್ಲ ಎಂದು ನಾನು ತಮಾಷೆ ಮಾಡಿದೆ. ಅರಬಿ ಭಾಷೆಯಲ್ಲಿ ಆ ಮಾತಿಗೆ ಒಡೆತನ ಎಂದು ಅರ್ಥವಂತೆ. ಕಾರ್ಡಿನ ಮೇಲೆ ಮಗನ ಹೆಸರು, ಕೆಳಗೆ ಒಂದು ತಾರೀಕು. ಆ ತಾರೀಕಿನ ಒಳಗೆ ಗಾಡಿಯ ಪರೀಕ್ಷೆ ಮಾಡಿಸಿ, ಇನ್ಶೂರೆನ್ಸು ಕಟ್ಟಿ, ದಂಡ ಇದ್ದರೆ ತೀರಿಸಿ, ಪ್ರತಿ ವರ್ಷ ಹೊಸ ಕಾರ್ಡು ಮಾಡಿಸಬೇಕು. ಅದಕ್ಕೆ ಆ ದೇಶದ ವೀಸಾ ಇರಬೇಕು. ವೀಸಾ ಕೆಲಸದ ಮೇಲೆ ನಿಂತಿದೆ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಕಾರೂ ಹೋಗಬೇಕು. ಒಡೆತನಕ್ಕೆ ಕೊನೆಯ ತಾರೀಕು! ನನಗೆ ಅದು ವಿಚಿತ್ರ ಕಂಡಿತು.

ಆಮೇಲೆ ಯೋಚಿಸಿದರೆ ಅಷ್ಟು ವಿಚಿತ್ರವೇನಲ್ಲ. ನನ್ನ ಅಪ್ಪ ಗೇಣಿಗೆ ಗದ್ದೆ ಮಾಡಿದವರು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆಮೇಲೆ ನಮಗೆ ಪಟ್ಟೆ ಸಿಕ್ಕಿದ್ದು. ಅದಕ್ಕಿಂತ ಮೊದಲು ಮೂವತ್ತು ವರ್ಷ ಅಪ್ಪ ದುಡಿದದ್ದು ಬೇರೆಯವರ ಗದ್ದೆಯಲ್ಲಿ. ಧಣಿ ಬಿಡು ಎಂದರೆ ಬಿಡಬೇಕು. ಆದರೆ ಆ ಮೂವತ್ತು ವರ್ಷದಲ್ಲಿ ಒಂದು ಮಳೆಗಾಲವೂ ಅವರು ಹುಣಿ ಕಟ್ಟದೆ ಬಿಟ್ಟವರಲ್ಲ. ತೋಡಿನ ಹೂಳು ತೆಗೆಯದೆ ಕೂತವರಲ್ಲ. "ನಮ್ಮದಲ್ಲದ ಗದ್ದೆಗೆ ಎಂತಕ್ಕೆ ಇಷ್ಟು ಮಣ್ಣು ಹೊರುವುದು?" ಎಂದು ಅಣ್ಣ ಕೇಳಿದರೆ, "ಗದ್ದೆಗೆ ಅದು ಗೊತ್ತಿಲ್ಲ" ಎನ್ನುತ್ತಿದ್ದರು. ಮಗನೂ ಆ ಕಾರನ್ನು ಹಾಗೇ ನೋಡಿಕೊಂಡದ್ದು. ಮರಳು ಗಾಳಿ ಬೀಸಿದ ಮರುದಿನ ಬೆಳಗ್ಗೆ ಐದಕ್ಕೆ ಎದ್ದು ತಾನೇ ಒರೆಸುತ್ತಿದ್ದ.

ಎಲ್ಲರ ಕಾರೂ ಹಾಗಿರಲಿಲ್ಲ. ಅವನ ಕಟ್ಟಡದ ಹಿಂದಿನ ಮರಳು ಬಯಲಿನಲ್ಲಿ ಒಂದು ಬಿಳಿ ಕಾರು ಇತ್ತು. ಬಿಳಿ ಎಂದು ನಾನು ಹೇಳುವುದು ಬಾಗಿಲಿನ ಸಂದಿ ನೋಡಿ. ಮೇಲೆಲ್ಲ ಕಂದು ಧೂಳು, ಟಯರಿನಲ್ಲಿ ಗಾಳಿ ಇಲ್ಲ, ಗಾಜಿನ ಮೇಲೆ ಮುನಿಸಿಪಾಲಿಟಿಯವರು ಅಂಟಿಸಿದ ನೋಟೀಸು. ಒಳಗೆ ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಚಪ್ಪಲಿ. "ಇದು ಬಿಟ್ಟು ಹೋದವರದ್ದು" ಎಂದ ಮಗ. ಕೆಲಸ ಹೋಗಿ, ಸಾಲ ಕಟ್ಟಲಿಕ್ಕೆ ಆಗದೆ, ರಾತ್ರಿ ವಿಮಾನ ಹತ್ತಿದವರು. 2008-09ರ ಮುಗ್ಗಟ್ಟಿನಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ ಹಾಗೆ ಕಾರು ಬಿಟ್ಟು ಹೋದರೆಂದು ಆಗ ಪತ್ರಿಕೆಯಲ್ಲಿಯೂ ಬಂದಿತ್ತು. ಆ ಚಪ್ಪಲಿ ನೋಡಿ ಇವಳು "ಪಾಪ" ಎಂದಳು. ನಾನು "ಮೋಸಗಾರರು" ಎಂದೆ. ಇಬ್ಬರೂ ಒಂದೇ ಕಾರು ನೋಡಿದ್ದೆವು.

ಜನವರಿಯಲ್ಲಿ ನಾವು ಊರಿಗೆ ಬಂದೆವು. ಮಾರ್ಚಿನಲ್ಲಿ ಕೊರೊನಾ ಬಂತು. ಆ ಮಾರ್ಚ್ ಕೊನೆಯನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ರಾಶಿ ಬಿತ್ತು. ಹುಟ್ಟಿದ್ದರಿಂದ ಸಾಯುವವರೆಗೆ ಎಲ್ಲದಕ್ಕೂ ಮಂಗಳೂರಿನ ಆಸ್ಪತ್ರೆಗೆ ಹೋಗುವವರು ನಾವು. ಆಂಬುಲೆನ್ಸು ಗಡಿಯಿಂದ ಹಿಂದೆ ಬಂತು. ದಾರಿಯಲ್ಲೇ ಜೀವ ಹೋದವರು ಇದ್ದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನನ್ನ ಜೀಪಿನಲ್ಲಿ ಡೀಸೆಲ್ ಇತ್ತು, ಲೈಸೆನ್ಸು ಇತ್ತು, ತೆರಿಗೆ ಕಟ್ಟಿತ್ತು. ರಸ್ತೆ ಮಾತ್ರ ನನ್ನದಾಗಿರಲಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಕೂತಲ್ಲಿಂದ ಏಳದೆಯೇ ಬೇರೆ ರಾಜ್ಯದವರಾದರು. ಆ ಗೆರೆಯ ಅರ್ಥ ನನಗೆ ಪೂರ್ತಿ ತಿಳಿದದ್ದು ಆ ಮಣ್ಣಿನ ರಾಶಿಯ ಎದುರು ನಿಂತಾಗ. ಗಡಿಯ ಆಚೆಯವನ ಕಷ್ಟಕ್ಕೆ ಈಚೆಯವನು ಹೊಣೆ ಅಲ್ಲ ಎಂದಾದರೆ ಮನುಷ್ಯ ಎಲ್ಲಿಗೆ ಹೋಗುವುದು ಎಂದು ನಾನು ಪೇಟೆಯಲ್ಲಿ ನಿಂತು ದೊಡ್ಡ ಸ್ವರದಲ್ಲಿ ಹೇಳಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ಇದು ತಿರುಗಿ ಬಂತು.

ಮಗನ ಕಂಪೆನಿ ಮೊದಲು ಅರ್ಧ ಸಂಬಳ ಎಂದಿತು, ಆಮೇಲೆ ಸಂಬಳ ಇಲ್ಲದ ರಜೆ ಎಂದಿತು, ಆಗಸ್ಟಿನಲ್ಲಿ ಕೆಲಸವೇ ಇಲ್ಲ ಎಂದಿತು. ಆಗ ವೀಸಾ ರದ್ದಾದರೆ ಮೂವತ್ತು ದಿನದಲ್ಲಿ ದೇಶ ಬಿಡಬೇಕಿತ್ತು. ಕಾರಿನ ಸಾಲ ಇನ್ನೂ ಇಪ್ಪತ್ತೊಂಬತ್ತು ಸಾವಿರದ ಐನೂರು ದಿರ್ಹಮು ಬಾಕಿ. ಸಾಲ ತೀರದೆ ಕಾರನ್ನು ಇನ್ನೊಬ್ಬರ ಹೆಸರಿಗೆ ಮಾಡಲಿಕ್ಕೆ ಆಗುವುದಿಲ್ಲ. ಎಲ್ಲರೂ ಮಾರುವವರೇ ಆದ ಕಾರಣ ಬೆಲೆ ಬಿದ್ದಿತ್ತು. ಹಳೆ ಕಾರಿನ ವ್ಯಾಪಾರಿ ಇಪ್ಪತ್ತೆರಡು ಸಾವಿರಕ್ಕಿಂತ ಮೇಲೆ ಬರಲಿಲ್ಲ. ಅದನ್ನು ಅವನು ನೇರ ಬ್ಯಾಂಕಿಗೆ ಕಟ್ಟುತ್ತೇನೆ ಎಂದ. ಉಳಿದ ಏಳೂವರೆ ಸಾವಿರ ಮಗ ಹಾಕಬೇಕು. ಆಗಿನ ಲೆಕ್ಕದಲ್ಲಿ ನಮ್ಮ ಒಂದೂವರೆ ಲಕ್ಷ ರೂಪಾಯಿ. ಅವನ ಕೈಯಲ್ಲಿ ಇದ್ದದ್ದು ಬಾಡಿಗೆ ಬಾಕಿಗೂ ಟಿಕೇಟಿಗೂ ಸರಿ ಆಯಿತು.

ಅವನ ಜೊತೆಯವರು ಹೇಳಿದರಂತೆ, ಕಾರನ್ನು ಬಿಟ್ಟು ವಿಮಾನ ಹತ್ತು, ಬ್ಯಾಂಕಿನವರು ಹುಡುಕಿ ತೆಗೆದುಕೊಳ್ಳುತ್ತಾರೆ, ಇನ್ನು ಆ ದೇಶಕ್ಕೆ ಕಾಲಿಡದಿದ್ದರೆ ಆಯಿತು, ಒಂದೂವರೆ ಲಕ್ಷಕ್ಕಾಗಿ ನಿನ್ನ ಊರಿನ ತೋಟಕ್ಕೆ ಯಾರು ಬರುತ್ತಾರೆ ಎಂದು. ಮಗ ನನಗೆ ಫೋನು ಮಾಡಿ, "ಎಂತ ಮಾಡುವುದು ಅಪ್ಪ?" ಎಂದ.

ನಾನು ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಬಿಟ್ಟು ಬಾ" ಎಂದೆ. ಎರಡನೆಯ ಮಾತು ಯೋಚಿಸಲಿಲ್ಲ. ಬಿಳಿ ಕಾರು ನೋಡಿ ಮೋಸಗಾರರು ಎಂದ ಬಾಯಿಯೇ ಇದು.

ಆವತ್ತು ರಾತ್ರಿ ನನ್ನ ಮಾತಿಗೆ ನಾನೇ ಸಮರ್ಥನೆ ಹುಡುಕಿದೆ. ಸಿಕ್ಕಿತು, ಬೇಕಾದಷ್ಟು ಸಿಕ್ಕಿತು. ಬ್ಯಾಂಕಿಗೆ ಇದು ಸಮುದ್ರದಿಂದ ಒಂದು ಚೆಂಬು ನೀರು. ಎರಡು ವರ್ಷ ಬಡ್ಡಿ ತಿಂದಾಗಿದೆ. ಕಾರೂ ಅವರಿಗೇ ಸಿಗುತ್ತದೆ. ಇವನಿಗೆ ಬರಬೇಕಾದ ಸಂಬಳವೇ ಬಾಕಿ ಉಂಟು, ಅದನ್ನು ಯಾರು ಕೊಡಿಸುತ್ತಾರೆ? ನಮ್ಮ ಊರಿನ ಸೊಸೈಟಿಯಲ್ಲಿ ನಾನು ಬೆಳೆ ಸಾಲ ತೆಗೆಯುತ್ತೇನೆ. ಅದನ್ನು ಕಟ್ಟದಿದ್ದರೆ ಅಲ್ಲಿ ಕೂತವನು ನನ್ನ ಜೊತೆ ಶಾಲೆಗೆ ಬಂದವನು, ಜಾತ್ರೆಯಲ್ಲಿ ಅವನ ಮುಖ ನೋಡಬೇಕು. ಆ ಬ್ಯಾಂಕಿಗೆ ಮುಖ ಇಲ್ಲ. ಅದು ಪರದೇಶ. ನಮ್ಮವರಲ್ಲದವರ ಸಾಲ.

ಪ್ರತಿಯೊಂದು ಕಾರಣವೂ ಕೇಳಲಿಕ್ಕೆ ಸರಿ ಕಾಣುತ್ತಿತ್ತು. ಆದರೆ ನಾನು ಒಂದು ನೋಡಿದ್ದೇನೆ. ಒಂದು ಕೆಲಸ ಸರಿ ಎಂದಾದರೆ ಅದಕ್ಕೆ ಒಂದು ಕಾರಣ ಸಾಕು. ಐದಾರು ಕಾರಣ ಪೋಣಿಸಬೇಕಾಗಿ ಬಂದರೆ ಎಲ್ಲಿಯೋ ದಾರ ಕಡಿದಿದೆ ಎಂದು ಅರ್ಥ.

ಮರುದಿನ ತೋಟದಲ್ಲಿ ಎರಡನೆಯ ಸುತ್ತಿನ ಮದ್ದು. ಪಂಪಿನ ಹತ್ತಿರ ನಿಂತು ಅಭ್ಯಾಸದಂತೆ ಒಂದು ಪಾಡ್ದನ ಗುನುಗುತ್ತಿದ್ದೆ. ಅಮ್ಮ ನಾಟಿ ಗದ್ದೆಯಲ್ಲಿ ಹೇಳುತ್ತಿದ್ದದ್ದು, ಅವರಿಂದ ನನಗೆ ಬಂದದ್ದು. ನಮ್ಮ ಪಾಡ್ದನಗಳಲ್ಲಿ ಕೊಟ್ಟ ಮಾತಿಗೆ, ಹೇಳಿಕೊಂಡ ಹರಕೆಗೆ ಎಷ್ಟು ಬೆಲೆ ಎಂದು ಕೇಳಿದವರಿಗೆ ಗೊತ್ತು. ಘಟ್ಟ ಇಳಿದರೂ ಹೊಳೆ ದಾಟಿದರೂ ಅದು ಬೆನ್ನು ಬಿಡುವುದಿಲ್ಲ. ಮಧ್ಯದಲ್ಲಿ ನನ್ನ ಸ್ವರ ನಿಂತಿತು. ಮರದ ಮೇಲಿದ್ದವನು, "ಎಂತ, ಪದ ಮರೆತು ಹೋಯಿತಾ?" ಎಂದು ಕೇಳಿದ. ಮರೆತದ್ದಲ್ಲ. ಮಗನಿಗೆ "ಬಿಟ್ಟು ಬಾ" ಎಂದ ಬಾಯಿಯಲ್ಲಿ ಮುಂದಿನ ಸಾಲು ಬರಲಿಲ್ಲ. ನಾನು ದೊಡ್ಡ ಮನುಷ್ಯ ಅಲ್ಲ. ನನ್ನಲ್ಲಿ ಇರುವುದು ಸ್ವಲ್ಪ ತೋಟ ಮತ್ತು ಸ್ವಲ್ಪ ಸ್ವರ. ಆ ಸ್ವರವನ್ನು ಜನ ಕೇಳುವುದು ಹೇಳುವವನಿಗೆ ಅದರಲ್ಲಿ ನಂಬಿಕೆ ಉಂಟು ಎಂದು.

ಆಗ ತಲಪಾಡಿಯೂ ನೆನಪಾಯಿತು. ಗೆರೆ ದಾಟಿದರೆ ಹೊಣೆ ಇಲ್ಲವಾ ಎಂದು ಪೇಟೆಯಲ್ಲಿ ಕೂಗಿದವನು ನಾನು. ಪರದೇಶದ ಸಾಲ ಸಾಲವಲ್ಲ ಎಂದು ಮನೆಯೊಳಗೆ ಹೇಳಿದವನೂ ನಾನೇ. ಎರಡೂ ಒಂದೇ ಮಾತು. ಗಡಿ ದಾಟಿದ ಕೂಡಲೆ ಹೊಣೆ ತೀರುತ್ತದೆ ಎಂದು ನನಗೆ ಲಾಭ ಇರುವಾಗ ಒಪ್ಪಿದರೆ, ನನಗೆ ನಷ್ಟ ಆಗುವಾಗ ಮಣ್ಣಿನ ರಾಶಿಯನ್ನು ದೂರಲಿಕ್ಕೆ ನನಗೆ ಹಕ್ಕಿಲ್ಲ. ಮುಖ ಕಾಣುವವನಿಗೆ ಮಾತ್ರ ನ್ಯಾಯ ಎಂದರೆ ಅದು ನ್ಯಾಯ ಅಲ್ಲ, ದಾಕ್ಷಿಣ್ಯ. ದಾಕ್ಷಿಣ್ಯ ಒಳ್ಳೆಯದೇ, ಆದರೆ ಅದು ಊರಿನ ಗಡಿಯವರೆಗೆ ಮಾತ್ರ ನಡೆಯುತ್ತದೆ.

ನಾನು ಮಗನಲ್ಲಿ ಕೇಳಿದ ಸಿಗ್ನಲು ಇದೇ. ನಾಲ್ಕೂ ಕಡೆ ಖಾಲಿ, ಕ್ಯಾಮರಾ ಇಲ್ಲ. ಕೊಳೆತ ಅಡಿಕೆಯ ಹಾಗೆ ಒಂದು ತಿಂಗಳಲ್ಲಿ ಬಿದ್ದು ಹೇಳುವಂಥದ್ದೂ ಅಲ್ಲ. ಎಂದೂ ಯಾರಿಗೂ ತಿಳಿಯದು.

ಮಧ್ಯಾಹ್ನ ಊಟಕ್ಕೆ ಬಂದವನು ಇವಳಲ್ಲಿ ಹೇಳಿದೆ. ಮನೆಯಲ್ಲಿದ್ದ ಹಳೆ ಅಡಿಕೆ ಕೊಟ್ಟರೆ ಸ್ವಲ್ಪ ಆಗುತ್ತದೆ, ಉಳಿದದ್ದಕ್ಕೆ ನಿನ್ನ ಬಳೆ ಅಡವಿಡಬೇಕು ಎಂದೆ. ಅವಳು ಬಡಿಸುವುದನ್ನು ನಿಲ್ಲಿಸಿದಳು.

"ಸತ್ಯ ನಿಮ್ಮದು, ಬಳೆ ನನ್ನದು" ಎಂದಳು. "ಪದ ಹೇಳಿ ಶಾಲು ಹಾಕಿಸಿಕೊಳ್ಳುವವರು ನೀವು. ಖಾಲಿ ಕೈಯಲ್ಲಿ ಮದುವೆ ಮನೆಗೆ ಹೋಗಬೇಕಾದವಳು ನಾನು."

ನನಗೆ ಉತ್ತರ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಧರ್ಮ ನನ್ನದು, ಖರ್ಚು ಇನ್ನೊಬ್ಬರದು ಎಂದಾದರೆ ಅದು ಯಾವ ಧರ್ಮ? ಅಪ್ಪ ಗೇಣಿಗದ್ದೆಗೆ ಮಣ್ಣು ಹೊತ್ತದ್ದು ತಮ್ಮ ತಲೆಯಲ್ಲಿ. ನಾನು ಹೊರಟದ್ದು ಇವಳ ಕೈಯ ಬಂಗಾರ ತೆಗೆದು. ಒಂದು ದಿನ ಅವಳು ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಬಳೆಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ಮೇಜಿನ ಮೇಲೆ ಇಟ್ಟಿದ್ದಳು. "ನಿಮ್ಮ ಪದಕ್ಕಲ್ಲ. ಅವನು ಇಲ್ಲಿ ಬಂದು ರಾತ್ರಿ ನಿದ್ದೆ ಮಾಡಬೇಕು, ಅದಕ್ಕೆ" ಎಂದಳು. ನನ್ನ ಎಲ್ಲ ತರ್ಕಕ್ಕಿಂತ ಅದು ಸಣ್ಣದಾಗಿತ್ತು, ಗಟ್ಟಿಯಾಗಿತ್ತು.

ಹಣ ಕಳುಹಿಸಲಿಕ್ಕೆ ಬ್ಯಾಂಕಿಗೆ ಹೋದರೆ ಅಲ್ಲಿಯ ಹುಡುಗಿ ಎರಡು ಸಲ ಕೇಳಿದಳು, "ಅಲ್ಲಿಂದ ಇಲ್ಲಿಗಾ, ಇಲ್ಲಿಂದ ಅಲ್ಲಿಗಾ?" ಎಂದು. ನಮ್ಮ ಊರಿನಲ್ಲಿ ದುಡ್ಡು ಗಲ್ಫಿನಿಂದ ಬರುವುದು ಎಲ್ಲರಿಗೂ ಗೊತ್ತು, ಹೋಗುವುದನ್ನು ಅವಳು ನೋಡಿದ್ದಿಲ್ಲ. ಸೆಪ್ಟೆಂಬರಿನಲ್ಲಿ ಸಾಲ ಮುಗಿಯಿತು. ಕಾರು ಕೊಡುವ ದಿನ ಬೆಳಗ್ಗೆ ಮಗ ಅದನ್ನು ತೊಳೆದು, ಒರೆಸಿ, ಫೋಟೋ ತೆಗೆದು ಕಳುಹಿಸಿದ. ಮಾರಿ ಹೋಗುವ ಕಾರನ್ನು ಎಂತಕ್ಕೆ ತೊಳೆದದ್ದು ಎಂದು ನಾನು ಕೇಳಲಿಲ್ಲ. ಅವನ ಅಜ್ಜನನ್ನು ನಾನು ನೋಡಿದ್ದೇನೆ.

ಆಮೇಲೆ ಒಬ್ಬ ವಕೀಲರು ಒಂದು ವಿಷಯ ಹೇಳಿದರು. ಆ ದೇಶದ ಸಿವಿಲ್ ಕೋರ್ಟಿನ ತೀರ್ಪನ್ನು ನಮ್ಮ ದೇಶದಲ್ಲಿಯೂ ಜಾರಿ ಮಾಡಿಸಬಹುದು ಎಂದು 2020ರ ಜನವರಿಯಲ್ಲೇ ಕೇಂದ್ರ ಸರ್ಕಾರದ ಆದೇಶ ಬಂದಿತ್ತಂತೆ. ಎಂದರೆ ಕ್ಯಾಮರಾ ಪೂರ್ತಿ ಇಲ್ಲ ಎಂದಲ್ಲ, ಅದು ಇದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ಗೊತ್ತಿದ್ದರೆ ನಾನು ಕೊಟ್ಟದ್ದು ಸತ್ಯಕ್ಕೋ ಭಯಕ್ಕೋ ಎಂದು ಸಾಯುವವರೆಗೆ ನನಗೇ ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಬಿಟ್ಟು ಬಂದವರ ವಿಷಯವನ್ನೂ ಹೇಳಬೇಕು. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಅದೇ ವರ್ಷ ಕಾರು ಬಿಟ್ಟು ಬಂದ. ಐದು ತಿಂಗಳ ಸಂಬಳ ಸಿಕ್ಕಿರಲಿಲ್ಲ. ಮನೆಯಲ್ಲಿ ಅಡವಿಡಲಿಕ್ಕೆ ಬಂಗಾರ ಇಲ್ಲ, ಮಾರಲಿಕ್ಕೆ ಅಡಿಕೆ ಇಲ್ಲ. ಸಾಲ ಕೊಡುವಾಗ ಬ್ಯಾಂಕಿನವರು ಸಹಿ ಹಾಕಿದ ಚೆಕ್ಕು ಇಟ್ಟುಕೊಳ್ಳುವುದುಂಟು. ಆಗಿನ ಕಾನೂನಿನಲ್ಲಿ ಆ ಚೆಕ್ಕಿಗೆ ಖಾತೆಯಲ್ಲಿ ಹಣ ಇಲ್ಲದಿದ್ದರೆ ಜೈಲಿನ ಭಯ. 2022ರ ಜನವರಿಯಿಂದ ಆ ಕಾನೂನು ಸಡಿಲ ಆಯಿತು. ಆದರೆ ಅವನು ಓಡಿದ್ದು 2020ರಲ್ಲಿ. ಅಂಥವನನ್ನು ಮೋಸಗಾರ ಎನ್ನಲಿಕ್ಕೆ ಈಗ ನನಗೆ ನಾಲಗೆ ಏಳುವುದಿಲ್ಲ. ಆಗುವುದಿಲ್ಲ ಎಂಬುದು ಬೇರೆ, ಮಾಡುವುದಿಲ್ಲ ಎಂಬುದು ಬೇರೆ. ಬತ್ತಿದ ಬಾವಿಯ ಹತ್ತಿರ ನಿಂತು ನೀರು ಕೊಡಲಿಲ್ಲ ಎಂದು ಬೈಯುವವನು ಮೂರ್ಖ. ನನ್ನ ಬಾವಿಯಲ್ಲಿ ನೀರಿತ್ತು. ನಾನು ಬತ್ತಿದೆ ಎಂದು ಹೇಳಲಿಕ್ಕೆ ಹೊರಟಿದ್ದೆ, ಅಷ್ಟೇ ನನ್ನ ತಪ್ಪು.

ಕಂಪೆನಿ ಅವನಿಗೆ ಕೊಡಬೇಕಾದದ್ದು ಕೊಡಲಿಲ್ಲ, ಹಾಗಾಗಿ ಅವನು ಬ್ಯಾಂಕಿಗೆ ಕೊಡಬೇಕಾದದ್ದು ಇಲ್ಲ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅದು ಎರಡು ಬೇರೆ ಬೇರೆ ಪುಸ್ತಕದ ಲೆಕ್ಕ. ಒಂದು ಪುಸ್ತಕದ ಮೋಸವನ್ನು ಇನ್ನೊಂದರಲ್ಲಿ ಹೊಡೆದು ಹಾಕಿದರೆ ಲೋಕದಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಆದರೆ ಇದನ್ನು ಹೇಳುವ ಹಕ್ಕು ಅವನಿಗೆ ಮಾತ್ರ, ತನಗೆ ತಾನೇ ಹೇಳಿಕೊಳ್ಳಲಿಕ್ಕೆ. ನಾನು ಅವನಿಗೆ ಹೇಳಿದರೆ ಅದು ಉಪದೇಶ ಆಗುತ್ತದೆ, ಹೊಟ್ಟೆ ತುಂಬಿದವನ ಉಪದೇಶ. ಮರಳು ಬಯಲಿನ ಆ ಮಗುವಿನ ಚಪ್ಪಲಿ ನೋಡಿ ಇವಳು ಹೇಳಿದ ಮಾತಿಗೆ ನಾನು ಈಗ ಬಂದು ತಲುಪಿದ್ದೇನೆ.

ಹಾಗಾದರೆ ಪರದೇಶದಲ್ಲಿ ಕಾರಿನ ಒಡೆತನ ಎಂದರೆ ಏನು? ಕೀಲಿಕೈ ಕಿಸೆಯಲ್ಲಿ ಇರುವುದಲ್ಲ. ಅದಕ್ಕೆ ಒಂದು ತಾರೀಕು ಉಂಟು, ಆ ತಾರೀಕಿಗೆ ಅದು ಹೋಗುತ್ತದೆ. ಗೇಣಿಯ ಗದ್ದೆಯೂ ಹೋಗುತ್ತಿತ್ತು, ನಾನು ಪಟ್ಟೆ ಇಟ್ಟುಕೊಂಡ ತೋಟವೂ ಒಂದು ದಿನ ನನ್ನ ಕೈಯಿಂದ ಹೋಗುವುದೇ. ಬಿಡುವಾಗ ಹೇಗೆ ಬಿಟ್ಟೆವು ಎಂಬುದು ಮಾತ್ರ ನಮ್ಮದಾಗಿ ಉಳಿಯುತ್ತದೆ. ನನಗೆ ತಿಳಿದದ್ದು ಇಷ್ಟೇ.

ಇವಳ ಬಳೆ ಬಿಡಿಸಲಿಕ್ಕೆ 2022 ಆಯಿತು. ಬಿಡಿಸಿ ತಂದು ಕೊಟ್ಟ ದಿನ ಅವಳು ತೊಡಲಿಲ್ಲ, ಪೆಟ್ಟಿಗೆಯಲ್ಲಿ ಇಟ್ಟಳು. ಮಗ ಈಗ ಮಸ್ಕತ್ತಿನಲ್ಲಿ ಇದ್ದಾನೆ. ಸಾಲ ಮಾಡದೆ ಒಂದು ಹಳೆ ಕಾರು ತೆಗೆದಿದ್ದಾನೆ. ಏಸಿ ಅಷ್ಟು ತಂಪಾಗುವುದಿಲ್ಲವಂತೆ. ಏಸಿ ರಿಪೇರಿಯವನ ಕಾರಿಗೇ ಏಸಿ ಇಲ್ಲ ಎಂದು ನಾವು ನಗುತ್ತೇವೆ.

ಸಾಲ ತೀರಿದ ಬ್ಯಾಂಕಿನ ಕಾಗದ ನನ್ನ ಹತ್ತಿರ ಉಂಟು. ಅಪ್ಪನ ಪಟ್ಟೆ ಇಟ್ಟ ಪೆಟ್ಟಿಗೆಯಲ್ಲಿ ಅದನ್ನೂ ಇಟ್ಟಿದ್ದೇನೆ. ನನ್ನ ಉತ್ತರ ಸರಿ ಎಂದು ನನಗೆ ಮುಕ್ಕಾಲು ಪಾಲು ಅನಿಸುತ್ತದೆ. ಉಳಿದ ಕಾಲು ಪಾಲು ಇವಳ ಕೈಯಲ್ಲಿ ಉಂಟು. ಓದಿದವರಿಗೆ ಬೇರೆ ಅನಿಸಿದರೆ ವಾಚನಾಲಯದ ಜಗಲಿಯಲ್ಲಿ ಸಿಕ್ಕಾಗ ಹೇಳಿ. ಸಂಜೆ ಐದರ ಮೇಲೆ ನಾನು ಅಲ್ಲೇ ಇರುತ್ತೇನೆ.